ಮಗು ಉಗ್ಗತೊಡಗಿದಾಗ ಮನೆಯವರು ಮಾಡಬಹುದಾದ ಕೆಲಸಗಳು

ನಿನ್ನೆಯವರೆಗೆ ಪಟಪಟ ಮಾತನಾಡುತ್ತಿದ್ದ ಮೂರು ವರ್ಷದ ಮಗು ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಅ-ಅ-ಅ-ಅಮ್ಮಾ, ನ-ನ-ನಂಗೆ ದೋಸೆ’ ಎಂದರೆ ಮನೆಯವರು ಮೊದಲು ನಗುತ್ತಾರೆ. ಯಾರನ್ನೋ ನೋಡಿ ಅಣಕಿಸುತ್ತಿರಬೇಕು ಎಂದುಕೊಳ್ಳುತ್ತಾರೆ. ವಾರ ಕಳೆದರೂ ಅದು ಹೋಗದಿದ್ದಾಗ ನಗು ಗಾಬರಿಗೆ ತಿರುಗುತ್ತದೆ, ಆ ಗಾಬರಿಯಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಮಾತು ‘ನಿಧಾನವಾಗಿ ಹೇಳು’ ಎಂಬುದು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನನ್ನ ಮಗನಿಗೆ ಆಗ ಮೂರೂವರೆ ವರ್ಷ. ದಿನಕ್ಕೆ ಎಷ್ಟು ಸಲ ಆ ಮಾತನ್ನು ಅವನಿಗೆ ಹೇಳಿದೆನೋ ಲೆಕ್ಕವಿಲ್ಲ. ಒಂದು ಸಂಜೆ ಅವನು ಹೇಳಹೊರಟಿದ್ದನ್ನು ಅರ್ಧಕ್ಕೆ ನಿಲ್ಲಿಸಿ ‘ಬೇಡ ಬಿಡು’ ಎಂದು ಎದ್ದುಹೋದಾಗ ಮಾತ್ರ, ಈ ಮನೆಯಲ್ಲಿ ನಿಧಾನವಾಗಬೇಕಾದವರು ಯಾರು ಎಂಬ ಪ್ರಶ್ನೆ ನನಗೆ ಎದುರಾಯಿತು.

ಈ ಬರಹ ಎರಡರಿಂದ ಆರು ವರ್ಷದೊಳಗಿನ ಮಕ್ಕಳ ಉಗ್ಗಿಗೆ ಸಂಬಂಧಿಸಿದ್ದು. ‘ರಾಮ’ನನ್ನು ‘ಲಾಮ’ ಎನ್ನುವುದು, ‘ಕಾಗೆ’ಯನ್ನು ‘ತಾದೆ’ ಎನ್ನುವುದು ಬೇರೆಯ ತೊಂದರೆ. ಅಲ್ಲಿ ಮಗುವಿಗೆ ಆ ಧ್ವನಿಯೇ ಇನ್ನೂ ಕೈಗೂಡಿರುವುದಿಲ್ಲ. ಉಗ್ಗಿನಲ್ಲಿ ಧ್ವನಿಯೂ ಗೊತ್ತು, ಶಬ್ದವೂ ಗೊತ್ತು, ಹೇಳಬೇಕಾದದ್ದೂ ಸ್ಪಷ್ಟವಾಗಿ ಗೊತ್ತು, ಆದರೆ ಮಾತು ಮುಂದಕ್ಕೆ ಹರಿಯುವುದಿಲ್ಲ. ಎರಡೂ ಒಂದೇ ಮಗುವಿನಲ್ಲಿ ಇರುವುದುಂಟು. ಹಾಗಿದ್ದರೆ ಮಾತಿನ ತಜ್ಞರನ್ನು ಕಾಣಲು ಅದೇ ಒಂದು ಕಾರಣವಾಗುತ್ತದೆ.

ಉಗ್ಗು ಯಾವುದು, ಬರಿಯ ತಡವರಿಕೆ ಯಾವುದು

ಮಾತು ಕಲಿಯುತ್ತಿರುವ ಮಕ್ಕಳೆಲ್ಲರೂ ತಡವರಿಸುತ್ತಾರೆ. ‘ನಾನು, ನಾನು, ನಾನು ಅಜ್ಜಿ ಮನೆಗೆ ಹೋಗ್ತೀನಿ’ ಎಂದು ಇಡೀ ಶಬ್ದವನ್ನು ಮತ್ತೆ ಮತ್ತೆ ಹೇಳುವುದು, ‘ಆಮೇಲೆ... ಆಮೇಲೆ ಏನಾಯ್ತು ಅಂದ್ರೆ...’ ಎಂದು ಎಳೆಯುವುದು, ಒಂದು ವಾಕ್ಯವನ್ನು ಆರಂಭಿಸಿ ಬಿಟ್ಟು ಇನ್ನೊಂದನ್ನು ಹಿಡಿಯುವುದು, ಇವೆಲ್ಲ ತಲೆಯಲ್ಲಿ ವಾಕ್ಯ ಕಟ್ಟುತ್ತಿರುವಾಗ ಆಗುವ ಸಹಜ ಎಡವುವಿಕೆಗಳು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಹೇಳಲು ಬಹಳ ಇರುವ ಮಗು ಕೊನೆಯನ್ನು ಮುಟ್ಟುವ ಮೊದಲು ನಡುವೆ ಎಲ್ಲಿಯಾದರೂ ಸುತ್ತು ಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಉಗ್ಗಿನ ಗುರುತುಗಳು ಬೇರೆ. ಶಬ್ದದ ಮೊದಲಕ್ಷರ ಮಾತ್ರ ಮರುಕಳಿಸುತ್ತದೆ (‘ಪ-ಪ-ಪ-ಪುಸ್ತಕ’), ಅಥವಾ ಒಂದು ಧ್ವನಿ ಎಳೆದುಕೊಳ್ಳುತ್ತದೆ (‘ಮ್‌ಮ್‌ಮ್‌ಮಾವ’), ಇಲ್ಲವೇ ಬಾಯಿ ತೆರೆದಿದ್ದರೂ ಸದ್ದೇ ಹೊರಡದೆ ಮಾತು ಬಿಗಿದುಕೊಳ್ಳುತ್ತದೆ. ಈ ಮೂರನೆಯದು ನೋಡಲು ಬಹಳ ಸಂಕಟ ಕೊಡುತ್ತದೆ. ಇದರ ಜೊತೆಗೆ ಕಣ್ಣು ಮುಚ್ಚಿಕೊಳ್ಳುವುದು, ಮುಷ್ಟಿ ಹಿಡಿಯುವುದು, ಕಾಲು ನೆಲಕ್ಕೆ ಬಡಿಯುವುದು, ಎಳೆದ ಧ್ವನಿಯ ಸ್ವರ ಮೇಲಕ್ಕೆ ಏರುತ್ತ ಹೋಗುವುದು ಕಂಡರೆ ಮಗು ಮಾತಿನೊಡನೆ ಸೆಣಸಾಡುತ್ತಿದೆ ಎಂದು ಅರ್ಥ. ಹಾಡುವಾಗ, ಎಲ್ಲರೊಡನೆ ಒಟ್ಟಾಗಿ ಪದ್ಯ ಹೇಳುವಾಗ, ಬೆಕ್ಕಿನೊಡನೆ ಮಾತನಾಡುವಾಗ ಅದೇ ಮಗು ಒಮ್ಮೆಯೂ ಎಡವದಿರಬಹುದು. ಇದನ್ನು ಕಂಡು ‘ಬೇಕೆಂದೇ ಮಾಡುತ್ತಾನೆ’ ಎಂದು ತೀರ್ಮಾನಿಸುವ ಮನೆಯವರು ಇದ್ದಾರೆ. ಅದು ಉಗ್ಗಿನ ಸ್ವಭಾವವೇ ಹೊರತು ಮಗುವಿನ ಹಟವಲ್ಲ.

ನೂರು ಮಕ್ಕಳಲ್ಲಿ ಐದರಿಂದ ಎಂಟು ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ. ಬಹುಪಾಲು ಎರಡರಿಂದ ಐದು ವರ್ಷದ ನಡುವೆ, ಶಬ್ದಗಳು ಸೇರಿ ವಾಕ್ಯವಾಗುವ ಹೊತ್ತಿನಲ್ಲಿ ಇದು ಆರಂಭವಾಗುತ್ತದೆ. ಕೆಲವರಲ್ಲಿ ಮೆಲ್ಲನೆ, ಕೆಲವರಲ್ಲಿ ಒಂದೆರಡು ದಿನಗಳಲ್ಲೇ. ಇವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಅದು ಹೊರಟುಹೋಗುತ್ತದೆ, ದೊಡ್ಡವರಾದ ಮೇಲೂ ಉಳಿಯುವುದು ಒಟ್ಟು ಜನರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ. ನಮ್ಮ ಮಗನನ್ನು ಮೊದಲು ನೋಡಿದ ವೈದ್ಯರು ಈ ಮುಕ್ಕಾಲು ಪಾಲನ್ನೇ ನೆಚ್ಚಿಕೊಂಡು ‘ಬೆಳೆದಂತೆ ಸರಿಹೋಗುತ್ತದೆ, ಶಾಲೆಗೆ ಸೇರಿದ ಮೇಲೆ ನೋಡೋಣ’ ಎಂದು ಕಳುಹಿಸಿಬಿಟ್ಟರು. ಲೆಕ್ಕ ಸರಿಯಾಗಿಯೇ ಇದೆ. ತೊಡಕು ಎಲ್ಲಿದೆಯೆಂದರೆ, ಎದುರಿಗೆ ನಿಂತಿರುವ ಮಗು ಮುಕ್ಕಾಲು ಪಾಲಿನಲ್ಲಿದೆಯೋ ಉಳಿದ ಕಾಲು ಪಾಲಿನಲ್ಲಿದೆಯೋ ಎಂದು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ.

ಆದರೂ ಕೆಲವು ಸೂಚನೆಗಳಿವೆ. ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗು ಉಳಿದವರು ಇದ್ದರೆ, ಮಗು ಗಂಡಾಗಿದ್ದರೆ, ಉಗ್ಗು ಆರಂಭವಾದದ್ದು ಮೂರೂವರೆ ವರ್ಷದ ನಂತರವಾಗಿದ್ದರೆ, ಆರು ತಿಂಗಳಿಂದ ಒಂದು ವರ್ಷ ಕಳೆದರೂ ತಗ್ಗದಿದ್ದರೆ, ಮಾತು ಕಲಿಯುವುದರಲ್ಲಿ ಬೇರೆ ತೊಂದರೆಯೂ ಇದ್ದರೆ, ಅದು ತಾನಾಗಿ ಹೋಗುವ ಸಾಧ್ಯತೆ ಕಡಿಮೆ. ಮಗು ತಾನೇ ನೊಂದುಕೊಂಡು ‘ನಂಗೆ ಮಾತಾಡೋಕೆ ಬರಲ್ಲ’ ಎನ್ನುತ್ತಿದ್ದರೆ, ಮಾತನ್ನೇ ತಪ್ಪಿಸಿಕೊಂಡು ಬೆರಳು ತೋರಿಸತೊಡಗಿದ್ದರೆ, ಮೇಲಿನ ಯಾವ ಲೆಕ್ಕವನ್ನೂ ಹಾಕದೆ ಆ ವಾರವೇ ತಜ್ಞರನ್ನು ಕಾಣಬೇಕು.

ತಪ್ಪು ಯಾರದು ಎಂಬ ವ್ಯರ್ಥ ಪ್ರಶ್ನೆ

ಮಗು ಹೆದರಿಕೊಂಡಿತು, ತಂದೆ ಗದರಿದ, ತಾಯಿ ಕೆಲಸಕ್ಕೆ ಹೋದಳು, ತಂಗಿ ಹುಟ್ಟಿದಳು ಎಂದು ಪ್ರತಿ ಮನೆಯೂ ಒಂದು ಕಾರಣವನ್ನು ಹುಡುಕಿಕೊಳ್ಳುತ್ತದೆ. ಉಗ್ಗು ಮುಖ್ಯವಾಗಿ ಮಾತಿನ ಚಲನೆಗಳನ್ನು ಮಿದುಳು ಹೊತ್ತಿಗೆ ಸರಿಯಾಗಿ ಜೋಡಿಸುವ ಕ್ರಮಕ್ಕೆ ಸಂಬಂಧಿಸಿದ್ದು, ಮತ್ತು ಅದು ವಂಶದಲ್ಲಿ ಹರಿದುಬರುತ್ತದೆ. ಪಾಕಿಸ್ತಾನ, ಅಮೆರಿಕ ಮತ್ತು ಇಂಗ್ಲೆಂಡಿನ ಉಗ್ಗುವವರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸಂಬಂಧಿಸಿದ ಮೂರು ವಂಶವಾಹಿಗಳನ್ನು ಗುರುತಿಸಿತು. ಮನೆಯ ಒತ್ತಡ, ದಣಿವು, ಅವಸರ ಇವು ಇರುವ ಉಗ್ಗನ್ನು ಆ ದಿನದ ಮಟ್ಟಿಗೆ ಹೆಚ್ಚಿಸಬಲ್ಲವು. ಇಲ್ಲದ ಉಗ್ಗನ್ನು ಹುಟ್ಟಿಸಲಾರವು.

ತಂದೆತಾಯಿಯರ ಮೇಲೆ ಹೊರೆ ಹೊರಿಸುವ ಈ ಅಭ್ಯಾಸಕ್ಕೆ ಒಂದು ಇತಿಹಾಸವಿದೆ, ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ‘ಗಮನಿಸದ ಹಾಗೆ ಇದ್ದುಬಿಡಿ’ ಎಂದು ಇಂದಿಗೂ ಕೇಳಿಬರುವ ಸಲಹೆಯ ಬೇರು ಅಲ್ಲಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್, ಸ್ವತಃ ಉಗ್ಗುತ್ತಿದ್ದವರು, ಸಹಜವಾದ ತಡವರಿಕೆಯನ್ನು ದೊಡ್ಡವರು ‘ಉಗ್ಗು’ ಎಂದು ಹೆಸರಿಸುವುದರಿಂದಲೇ ಮಗು ಉಗ್ಗುವಂತಾಗುತ್ತದೆ ಎಂದು ವಾದಿಸಿದರು. ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ 1939ರಲ್ಲಿ ಅನಾಥಾಲಯವೊಂದರ 22 ಮಕ್ಕಳ ಮೇಲೆ ಪ್ರಯೋಗ ನಡೆಸಿ, ಅವರಲ್ಲಿ ಕೆಲವರಿಗೆ ‘ನಿನ್ನ ಮಾತು ಸರಿಯಿಲ್ಲ’ ಎಂದು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ಉಗ್ಗುವವರಾಗಿ ಬದಲಾಗಲಿಲ್ಲ, ಆದರೆ ಮಾತನಾಡಲು ಹಿಂಜರಿಯುವವರಾದರು. ವಿಶ್ವವಿದ್ಯಾಲಯ 2001ರಲ್ಲಿ ಇದಕ್ಕಾಗಿ ಕ್ಷಮೆ ಕೇಳಿತು. ಆ ವಾದವನ್ನು ಇಂದು ಈ ಕ್ಷೇತ್ರದವರು ಒಪ್ಪುವುದಿಲ್ಲ. ಆದರೂ ‘ಹೆಸರೆತ್ತಬೇಡಿ’ ಎಂಬ ಅದರ ನೆರಳು ಹಲವು ಮನೆಗಳಲ್ಲಿ ಉಳಿದಿದೆ. ಎಲ್ಲರೂ ಕಂಡೂ ಕಾಣದಂತೆ ಇರುವ ಮನೆಯಲ್ಲಿ ಮಗು ಕಲಿಯುವ ಪಾಠ ಇಷ್ಟೇ: ನನ್ನ ಬಾಯಲ್ಲಿ ಆಗುತ್ತಿರುವುದು ಯಾರೂ ಆಡಬಾರದಷ್ಟು ಕೆಟ್ಟದ್ದು.

ಮೊದಲು ಒಂದು ನೋಟ್‌ಬುಕ್

ಏನನ್ನೂ ಬದಲಿಸುವ ಮೊದಲು ಎರಡು ವಾರ ಬರೆದಿಡಿ. ಪ್ರತಿ ರಾತ್ರಿ ಆ ದಿನದ ಮಾತಿಗೆ ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕ ಕೊಡಿ. ಸೊನ್ನೆ ಎಂದರೆ ಒಮ್ಮೆಯೂ ಉಗ್ಗಲಿಲ್ಲ, ಒಂದು ಎಂದರೆ ಹೊರಗಿನವರಿಗೆ ತಿಳಿಯದಷ್ಟು ಅಲ್ಪ, ಒಂಬತ್ತು ಎಂದರೆ ಈ ಮಗುವಿನಲ್ಲಿ ಊಹಿಸಬಹುದಾದ ಅತಿ ಹೆಚ್ಚು. ಪಕ್ಕದಲ್ಲಿ ಒಂದು ಸಾಲು: ನೆಂಟರು ಬಂದಿದ್ದರು, ಮಧ್ಯಾಹ್ನ ಮಲಗಲಿಲ್ಲ, ನೆಗಡಿ, ಜಾತ್ರೆಗೆ ಹೋಗಿದ್ದೆವು. ತಂದೆ, ತಾಯಿ, ಅಜ್ಜಿ ಪ್ರತ್ಯೇಕವಾಗಿ ಅಂಕ ಕೊಟ್ಟರೆ ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ನಾನು ಏಳು ಕೊಟ್ಟ ದಿನ ಅತ್ತೆ ಮೂರು ಕೊಟ್ಟಿದ್ದರು, ಮತ್ತು ಕುಳಿತು ಮಾತನಾಡಿದಾಗ ಅವರದೇ ನಿಜಕ್ಕೆ ಹತ್ತಿರವಾಗಿತ್ತು. ಮಗು ಆಡುವಾಗ ಫೋನಿನಲ್ಲಿ ಐದು ನಿಮಿಷದ ಧ್ವನಿಯನ್ನು ಅದರ ಗಮನಕ್ಕೆ ಬಾರದಂತೆ ಮುದ್ರಿಸಿಕೊಳ್ಳಿ. ತಜ್ಞರ ಕೊಠಡಿಯಲ್ಲಿ ಮಗು ಒಮ್ಮೆಯೂ ಉಗ್ಗದೆ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡುವ ಸಾಧ್ಯತೆ ಬಹಳ. ಆಗ ಈ ಮುದ್ರಣ ಬೇಕಾಗುತ್ತದೆ.

ಈ ಪುಟಗಳು ನಿಮಗೆ ಮೊದಲು ತೋರಿಸುವ ಸಂಗತಿ, ಉಗ್ಗು ಏರಿಳಿಯುತ್ತದೆ ಎಂಬುದು. ಹತ್ತು ದಿನ ಮಾತು ನೀರಿನಂತೆ ಹರಿಯುತ್ತದೆ, ಹನ್ನೊಂದನೆಯ ದಿನ ಕಾರಣವಿಲ್ಲದೆ ಮತ್ತೆ ಬರುತ್ತದೆ. ಇದು ಗೊತ್ತಿಲ್ಲದವರು ಇಳಿಯುವ ದಿನಗಳಲ್ಲಿ ಕೊಟ್ಟ ಯಾವುದೋ ಕಷಾಯಕ್ಕೋ ಹೊತ್ತ ಹರಕೆಗೋ ಯಶಸ್ಸನ್ನು ಬರೆದುಕೊಡುತ್ತಾರೆ, ಏರುವ ದಿನಗಳಲ್ಲಿ ಒಬ್ಬರನ್ನೊಬ್ಬರು ದೂರುತ್ತಾರೆ.

ಮನೆಯ ಮಾತಿನ ಓಟವನ್ನು ತಗ್ಗಿಸುವುದು

ನಮ್ಮ ಮನೆಗಳಲ್ಲಿ ಮಾತು ಒಂದರ ಮೇಲೊಂದು ಬೀಳುತ್ತದೆ. ಊಟದ ಹೊತ್ತಿನಲ್ಲಿ ನಾಲ್ವರು ಒಟ್ಟಿಗೆ ಮಾತನಾಡುತ್ತಿರುತ್ತಾರೆ, ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ. ಆ ಸಂದಣಿಯಲ್ಲಿ ತನ್ನ ಮಾತಿಗೆ ಸಂದು ಹುಡುಕುವ ಮಗು ಸಿಕ್ಕ ಕೂಡಲೇ ನುಗ್ಗಬೇಕು, ನುಗ್ಗಿದಾಗ ಎಡವುತ್ತದೆ. ಮಗುವಿಗೆ ‘ನಿಧಾನ’ ಎಂದು ಹೇಳುವುದರಿಂದ ಈ ಸಂದಣಿ ಕರಗುವುದಿಲ್ಲ.

ಆದ್ದರಿಂದ ಮೊದಲ ಬದಲಾವಣೆ ದೊಡ್ಡವರ ಬಾಯಲ್ಲಿ. ಮಗು ಮಾತು ಮುಗಿಸಿದ ಮೇಲೆ, ಉತ್ತರಿಸುವ ಮೊದಲು ಮನಸ್ಸಿನಲ್ಲಿ ‘ಒಂದು, ಎರಡು’ ಎಂದು ಎಣಿಸಿ. ಬಳಿಕ ನಿಮ್ಮ ಮಾತನ್ನು ಸ್ವಲ್ಪ ಬಿಡಿಬಿಡಿಯಾಗಿ, ನಡುವೆ ಉಸಿರಾಡುತ್ತ, ಚಿಕ್ಕ ವಾಕ್ಯಗಳಲ್ಲಿ ಆಡಿ. ಅಜ್ಜಂದಿರು ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ ಮಾತನಾಡುವ ಲಯವನ್ನು ನೆನಪಿಸಿಕೊಂಡರೆ ಸಾಕು. ಶಬ್ದಶಬ್ದವನ್ನು ಎಳೆದು ರೋಬೋಟಿನಂತೆ ಮಾತನಾಡಬೇಕಾಗಿಲ್ಲ. ಮಕ್ಕಳು ಅದನ್ನು ಕೂಡಲೇ ಗುರುತಿಸಿ ‘ಯಾಕಮ್ಮ ಹಿಂಗೆ ಮಾತಾಡ್ತೀಯ’ ಎಂದು ಕೇಳುತ್ತಾರೆ. ಈ ಅಭ್ಯಾಸ ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಬೆಳಿಗ್ಗೆ ಎಂಟು ಗಂಟೆಗೆ ಶಾಲೆಯ ವ್ಯಾನ್ ಬರುವ ಮೊದಲು ಇದು ಯಾರಿಂದಲೂ ಸಾಧ್ಯವಿಲ್ಲ, ಆ ಹೊತ್ತನ್ನು ಬಿಟ್ಟುಬಿಡಿ.

ದಿನಕ್ಕೆ ಐದು ನಿಮಿಷ ಮಾತ್ರ ಪೂರ್ತಿಯಾಗಿ ಮಗುವಿಗೆ ಮೀಸಲಿಡಿ. ಲಂಡನ್ನಿನಲ್ಲಿ ಉಗ್ಗುವವರಿಗಾಗಿಯೇ ಇರುವ ಮೈಕೆಲ್ ಪೇಲಿನ್ ಕೇಂದ್ರದ ಚಿಕಿತ್ಸಾಕ್ರಮದಲ್ಲಿ ಈ ಐದು ನಿಮಿಷವೇ ತಳಹದಿ. ತಂದೆ ಬೇರೆ, ತಾಯಿ ಬೇರೆ, ತಮ್ಮ ತಮ್ಮ ಸರದಿಯಲ್ಲಿ, ಫೋನ್ ಇನ್ನೊಂದು ಕೋಣೆಯಲ್ಲಿ, ಟಿವಿ ಬಂದ್. ಏನು ಆಡಬೇಕೆಂದು ಮಗು ಹೇಳಬೇಕು. ನೀವು ನೆಲದ ಮೇಲೆ ಅದರ ಮುಖದ ಎತ್ತರಕ್ಕೆ ಕುಳಿತು ಅದು ಮಾಡುವುದನ್ನು ನೋಡುತ್ತಿರಬೇಕು. ಐದು ನಿಮಿಷ ಮುಗಿದಾಗ ನಿಲ್ಲಿಸಿ. ಒಂದು ಗಂಟೆ ಮಾಡಿ ಮರುದಿನ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಆ ಐದು ನಿಮಿಷಗಳಲ್ಲಿ ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ. ‘ಇದು ಯಾವ ಬಣ್ಣ? ಇದು ಯಾವ ಪ್ರಾಣಿ? ಅದು ಏನು ತಿನ್ನುತ್ತೆ?’ ಎಂದು ನಾವು ಆಟವನ್ನೂ ಪರೀಕ್ಷೆಯಾಗಿ ಮಾಡಿಬಿಡುತ್ತೇವೆ. ಬದಲಿಗೆ ಕಂಡದ್ದನ್ನು ಹೇಳಿ ಸುಮ್ಮನಾಗಿ: ‘ಹಸು ಕೊಟ್ಟಿಗೆಗೆ ಹೋಯ್ತು.’ ಮಗುವಿಗೆ ಹೇಳಬೇಕೆನಿಸಿದರೆ ಅದೇ ಮುಂದುವರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಶಾಲೆಯಿಂದ ಬಂದ ಕೂಡಲೇ ‘ಇವತ್ತು ಏನ್ ಮಾಡಿದ್ರಿ, ಯಾರ ಜೊತೆ ಕೂತಿದ್ದೆ, ಊಟ ಖಾಲಿ ಮಾಡಿದ್ಯಾ’ ಎಂದು ಸಾಲಾಗಿ ಕೇಳುವುದಕ್ಕಿಂತ ‘ಬಾ ಪುಟ್ಟ, ಇವತ್ತು ಮಳೆ ಜೋರಿತ್ತು’ ಎಂದು ಹೇಳಿ ತಿಂಡಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಶಾಲೆಯ ಕತೆ ತಾನಾಗಿ ಹೊರಬರುತ್ತದೆ.

ಊಟದ ಹೊತ್ತಿಗೆ ಸರದಿ ಇಡುವುದು ಎರಡನೆಯ ದೊಡ್ಡ ಕೆಲಸ. ನಮ್ಮ ಮನೆಯಲ್ಲಿ ಒಂದು ಮರದ ಸೌಟು ಇದಕ್ಕೆ ಬಳಕೆಯಾಯಿತು. ಅದು ಯಾರ ಕೈಯಲ್ಲಿದೆಯೋ ಅವರು ಮಾತನಾಡಬೇಕು, ಉಳಿದವರು ಕೇಳಬೇಕು. ಈ ನಿಯಮ ಅಕ್ಕನಿಗೂ ಅಪ್ಪನಿಗೂ ಒಂದೇ ಆಗಿರಬೇಕು, ಉಗ್ಗುವ ಮಗುವಿಗೆ ಮಾತ್ರ ವಿಶೇಷವಾಗಿ ಮಾಡಿಕೊಟ್ಟ ಅನುಕೂಲದಂತೆ ಕಾಣಬಾರದು. ಪಕ್ಕದ ಮನೆಯವರು ಬಂದರೂ ಮುರಿಯದಂತೆ ಇದನ್ನು ಕಾಪಾಡಿದ್ದು ನಮ್ಮ ಮಾವನವರು, ಕಡೆಗೆ ಬಹಳ ಕಷ್ಟಪಟ್ಟವರೂ ಅವರೇ.

ಮಾತು ಸಿಕ್ಕಿಕೊಂಡ ಆ ಕ್ಷಣದಲ್ಲಿ

ಮಗುವಿನ ಮುಖವನ್ನೇ ನೋಡುತ್ತಿರಿ, ಕಣ್ಣು ತಪ್ಪಿಸಬೇಡಿ, ಹುಬ್ಬು ಗಂಟಿಕ್ಕಬೇಡಿ. ಅದು ಹೇಳಹೊರಟಿರುವ ಶಬ್ದ ನಿಮಗೆ ಗೊತ್ತಿದ್ದರೂ ನೀವೇ ಹೇಳಿ ಮುಗಿಸಬೇಡಿ. ‘ಉಸಿರು ಎಳೆದುಕೋ’, ‘ಯೋಚಿಸಿ ಹೇಳು’, ‘ಇನ್ನೊಂದು ಸಲ ಸರಿಯಾಗಿ ಹೇಳು’ ಈ ಮೂರೂ ಬೇಡ. ಇವು ಕೇಳಲು ಸಹಾಯದಂತಿದ್ದರೂ ಮಗುವಿಗೆ ತಲುಪುವುದು ‘ಈಗ ಹೇಳಿದ ರೀತಿ ತಪ್ಪು’ ಎಂಬ ಒಂದೇ ಅರ್ಥದಲ್ಲಿ. ಮಾತು ಮುಗಿದ ಮೇಲೆ ಅದು ಏನನ್ನು ಹೇಳಿತೋ ಅದಕ್ಕೆ ಉತ್ತರಿಸಿ. ದೋಸೆ ಕೇಳಿದ್ದರೆ ದೋಸೆಯ ಬಗ್ಗೆ.

ಹೆಸರೆತ್ತಬಾರದೇ? ಎತ್ತಬಹುದು, ಸಹಜವಾಗಿ. ಮಗು ಸಿಟ್ಟಿನಿಂದ ಬಾಯಿ ಮುಚ್ಚಿಕೊಂಡರೆ ‘ಮಾತು ಸಿಕ್ಕಿಹಾಕ್ಕೊಂಡ್ತು, ಅಲ್ವಾ? ಪರವಾಗಿಲ್ಲ, ನಾನು ಕೇಳ್ತಾ ಇದೀನಿ’ ಎನ್ನಬಹುದು. ಮೊಣಕಾಲು ತರಚಿದಾಗ ನಾವು ಎಷ್ಟು ಸಲೀಸಾಗಿ ಮಾತನಾಡುತ್ತೇವೋ ಅಷ್ಟೇ ಸಲೀಸಾಗಿ ಇದನ್ನೂ ಆಡಬೇಕು. ಹೆಸರನ್ನು ಮಗುವಿಗೇ ಬಿಡಿ; ನನ್ನ ಮಗ ಅದನ್ನು ‘ಗಂಟು’ ಎನ್ನುತ್ತಿದ್ದ.

ನೆಂಟರು, ಬಜೆ, ನಾಲಿಗೆಯ ನರ

ಮನೆಗೆ ಬಂದವರೆದುರು ಮಗುವನ್ನು ನಿಲ್ಲಿಸಿ ‘ಅಂಕಲ್‌ಗೆ ಪದ್ಯ ಹೇಳು, ಹೆಸರು ಹೇಳು’ ಎನ್ನುವ ವಾಡಿಕೆಯನ್ನು ಈ ಅವಧಿಯಲ್ಲಿ ನಿಲ್ಲಿಸಿ. ಹೆಸರನ್ನು ಹೇಳುವುದು ಉಗ್ಗುವವರಿಗೆ ಬಹಳ ಕಷ್ಟದ ಕೆಲಸ, ಏಕೆಂದರೆ ಅದಕ್ಕೆ ಬದಲಾಗಿ ಇಡಬಹುದಾದ ಇನ್ನೊಂದು ಶಬ್ದ ಇಲ್ಲ. ನೆಂಟರಿಗೆ ಮೊದಲೇ ಫೋನಿನಲ್ಲಿ ತಿಳಿಸಿಬಿಡುವುದು ಒಳ್ಳೆಯದು: ಅಣಕಿಸಬಾರದು, ತಿದ್ದಬಾರದು, ಕನಿಕರದಿಂದ ತಲೆ ಸವರಲೂಬಾರದು.

ಬಜೆಯ ವಿಷಯಕ್ಕೆ ಬರೋಣ. ಎಳೆಯ ಮಕ್ಕಳಿಗೆ ಮಾತು ಬೇಗ ಬರಲಿ, ಸ್ಪಷ್ಟವಾಗಲಿ ಎಂದು ಬಜೆಯನ್ನು ತೇದು ನೆಕ್ಕಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಉಗ್ಗು ನಾಲಿಗೆಯ ದಪ್ಪದಿಂದ ಬರುವುದಲ್ಲವಾದ್ದರಿಂದ ಇದರಿಂದ ಉಗ್ಗು ಹೋಗುವುದಿಲ್ಲ, ಹೆಚ್ಚಾಗಿ ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಅದನ್ನು ಜೇನಿನಲ್ಲಿ ತೇದು ಕೊಡುವುದು ಇನ್ನೂ ಅಪಾಯ, ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಆ ವಯಸ್ಸಿನ ಕರುಳು ತಡೆಯಲಾರದು. ಅಜ್ಜಿಯ ಮನಸ್ಸು ನೋಯಿಸದೆ ಇದನ್ನು ಹೇಳಲು ನನಗೆ ತಿಳಿದ ಒಂದೇ ದಾರಿ, ಮುಂದಿನ ಸಲ ತಜ್ಞರ ಬಳಿಗೆ ಅಜ್ಜಿಯನ್ನೂ ಕರೆದೊಯ್ಯುವುದು.

ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸಿದರೆ ಉಗ್ಗು ಹೋಗುತ್ತದೆ ಎಂಬ ಮಾತನ್ನೂ ಕೇಳಿರುತ್ತೀರಿ. 1841ರಲ್ಲಿ ಬರ್ಲಿನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಡೀಫೆನ್‌ಬಾಖ್ ಉಗ್ಗುವವರ ನಾಲಿಗೆಯನ್ನೇ ಕೊಯ್ದು ನೋಡಿದರು. ಯುರೋಪಿನ ಇತರರು ಅವರನ್ನು ಅನುಕರಿಸಿದರು, ಫಲವಿಲ್ಲವೆಂದು ತಿಳಿದು ಕೈಬಿಟ್ಟರು. ನಾಲಿಗೆ ಬಿಗಿಯಾಗಿ ಅಂಟಿಕೊಂಡಿರುವುದು ಹಾಲು ಕುಡಿಯಲು, ಕೆಲವೊಮ್ಮೆ ಕೆಲವು ಧ್ವನಿಗಳಿಗೆ ಅಡ್ಡಿಯಾಗಬಹುದು. ಉಗ್ಗಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಮೂರು ಭಾಷೆಯ ಮನೆಗಳಲ್ಲಿ

ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಕರಾವಳಿಯ ಮಗುವಿಗೆ ಇದು ದಿನನಿತ್ಯದ ಬದುಕು. ಉಗ್ಗು ಕಂಡ ಕೂಡಲೇ ‘ಮನೆಭಾಷೆ ಬಿಡಿ, ಇಂಗ್ಲಿಷ್ ಒಂದೇ ಮಾತನಾಡಿ’ ಎಂದು ಸಲಹೆ ಕೊಡುವವರು ಇಲ್ಲಿಯೂ ಇದ್ದಾರೆ, ಹೊರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಇದನ್ನು ಹೇಳುವವರಿದ್ದಾರೆ. ಒಪ್ಪಬೇಡಿ. ಹಲವು ಭಾಷೆಗಳಿಂದ ಉಗ್ಗು ಹುಟ್ಟುವುದಿಲ್ಲ, ಒಂದನ್ನು ಕಿತ್ತುಹಾಕಿದರೆ ಹೋಗುವುದೂ ಇಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತ್ರ ಮೇಲೆ ಹೇಳಿದ ಬಿಡಿಬಿಡಿಯಾದ ಸಮಾಧಾನದ ಮಾತು ಸಾಧ್ಯ; ಪರೀಕ್ಷೆಯ ಹೆದರಿಕೆಯಿಂದ ಕಲಿತ ಇಂಗ್ಲಿಷಿನಲ್ಲಿ ಅಲ್ಲ.

ತಜ್ಞರ ಬಳಿಗೆ

ಇದಕ್ಕಾಗಿ ಓದಿದವರನ್ನು ವಾಕ್-ಶ್ರವಣ ತಜ್ಞರು ಎನ್ನುತ್ತಾರೆ, ಜನ ‘ಸ್ಪೀಚ್ ಥೆರಪಿಸ್ಟ್’ ಎನ್ನುತ್ತಾರೆ. ನಮ್ಮ ರಾಜ್ಯದ ಭಾಗ್ಯವೆಂದರೆ, ದೇಶಕ್ಕೆಲ್ಲ ಈ ತಜ್ಞರನ್ನು ತಯಾರು ಮಾಡುವ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿ ಕನ್ನಡದಲ್ಲೇ ಪರೀಕ್ಷೆ ಮತ್ತು ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ, ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜುಗಳಲ್ಲಿಯೂ ಇದೆ. ದೂರದ ಊರಿನವರು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುವ ಆರೋಗ್ಯ ತಂಡ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿಕೊಡಬಹುದು.

ಖಾಸಗಿಯಾಗಿ ನಡೆಸುವ ಕೇಂದ್ರಗಳಿಗೆ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿ ನೋಡಿಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ. ಬಳಿಕ ಎರಡು ಪ್ರಶ್ನೆ: ಈ ವಯಸ್ಸಿನ ಉಗ್ಗುವ ಮಕ್ಕಳೊಡನೆ ಎಷ್ಟು ಕೆಲಸ ಮಾಡಿದ್ದೀರಿ, ಮತ್ತು ಚಿಕಿತ್ಸೆಯ ಹೊತ್ತಿನಲ್ಲಿ ನಾನು ಎಲ್ಲಿರುತ್ತೇನೆ. ಆರು ವರ್ಷದೊಳಗಿನ ಮಗುವನ್ನು ಒಳಗೆ ಕರೆದುಕೊಂಡು ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವ ಕೇಂದ್ರವನ್ನು ನಾನಾದರೆ ಬಿಡುತ್ತೇನೆ. ವಾರಕ್ಕೆ ಒಂದು ಗಂಟೆ ಕೊಠಡಿಯಲ್ಲಿ ನಡೆಯುವುದಕ್ಕಿಂತ ಉಳಿದ ಆರು ದಿನ ಮನೆಯಲ್ಲಿ ನಡೆಯುವುದೇ ಹೆಚ್ಚು. ‘ಮೂವತ್ತು ದಿನದಲ್ಲಿ ಗ್ಯಾರಂಟಿ’ ಎಂಬ ಫಲಕ ಕಂಡರೆ ಒಳಗೆ ಕಾಲಿಡಲೇಬೇಡಿ.

ಚಿಕಿತ್ಸಾಕ್ರಮಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಲಿಡ್ಕಂಬ್ ಕ್ರಮ. ಇದರಲ್ಲಿ ಚಿಕಿತ್ಸೆ ಕೊಡುವವರು ತಂದೆ ಅಥವಾ ತಾಯಿ. ತಜ್ಞರು ವಾರಕ್ಕೊಮ್ಮೆ ಅವರಿಗೆ ಕಲಿಸುತ್ತಾರೆ. ದಿನವೂ ಹತ್ತು ಹದಿನೈದು ನಿಮಿಷ ಆಟದ ನಡುವೆ, ಮಗುವಿನ ಮಾತು ಎಡವದೆ ಬಂದಾಗ ‘ಆಹಾ, ಎಷ್ಟು ಚೆನ್ನಾಗಿ ಹರಿದುಬಂತು’ ಎಂದು ಹೇಳುವುದು, ಹಲವು ಮೆಚ್ಚುಗೆಗಳ ನಡುವೆ ಎಲ್ಲೋ ಒಮ್ಮೆ ‘ಅಲ್ಲಿ ಸ್ವಲ್ಪ ಗಂಟು ಬಿತ್ತು’ ಎಂದು ಮೆಲ್ಲನೆ ಗುರುತಿಸುವುದು ಇದರ ತಿರುಳು. ಮೇಲೆ ಹೇಳಿದ ಅಂಕದ ಪದ್ಧತಿಯೂ ಇದರದೇ. ಓದಿದರೆ ಸುಲಭವೆನಿಸುತ್ತದೆ, ಆದರೆ ತಜ್ಞರ ಕಣ್ಣಿಲ್ಲದೆ ಮಾಡಲು ಹೋದರೆ ಮೆಚ್ಚುಗೆ ಕಡಿಮೆಯಾಗಿ ತಿದ್ದುವುದು ಹೆಚ್ಚಾಗಿ, ಹಳೆಯ ‘ನಿಧಾನವಾಗಿ ಹೇಳು’ ಹೊಸ ವೇಷದಲ್ಲಿ ಮರಳುತ್ತದೆ.

ಮನೆಯ ವಾತಾವರಣವನ್ನು ತಿಳಿಗೊಳಿಸುವ ಕ್ರಮ ಮೇಲೋ, ಲಿಡ್ಕಂಬ್ ಮೇಲೋ ಎಂದು ತಜ್ಞರಲ್ಲೇ ಬಹಳ ಕಾಲ ಜಗಳವಿತ್ತು. ನೆದರ್ಲೆಂಡ್ಸ್‌ನಲ್ಲಿ 199 ಮಕ್ಕಳನ್ನು ಎರಡು ಗುಂಪಾಗಿ ಮಾಡಿ ಎರಡನ್ನೂ ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಉಗ್ಗುತ್ತಿರಲಿಲ್ಲ. ಆದ್ದರಿಂದ ನಿಮ್ಮ ತಜ್ಞರು ಯಾವುದನ್ನು ಚೆನ್ನಾಗಿ ಬಲ್ಲರೋ ಅದನ್ನು ಒಪ್ಪಿಕೊಂಡು ಬಿಡದೆ ಮಾಡುವುದು ಸಾಕು.

ಶಾಲೆಯಲ್ಲಿ

ಶಿಕ್ಷಕಿಯನ್ನು ತರಗತಿ ಆರಂಭವಾಗುವ ಮೊದಲು ಹತ್ತು ನಿಮಿಷ ಕಂಡು ಮೂರು ಕೋರಿಕೆ ಮುಂದಿಡಿ. ಹಾಜರಿ ಕೂಗುವಾಗ ಮಗು ಕೈ ಎತ್ತಿದರೂ ಒಪ್ಪಿಕೊಳ್ಳಬೇಕು. ಗಟ್ಟಿಯಾಗಿ ಓದಿಸುವಾಗ, ಸಾಲಿನ ಕೊನೆಯ ಮಗುವಿನಿಂದ ಸರದಿ ತನ್ನತ್ತ ಬರುವುದನ್ನು ಎದೆ ಢವಢವಿಸುತ್ತ ಕಾಯುವಂತೆ ಮಾಡದೆ, ಇನ್ನೊಬ್ಬ ಮಗುವಿನ ಜೊತೆ ಸೇರಿ ಓದಲು ಬಿಡಬೇಕು. ಇಬ್ಬರು ಒಟ್ಟಿಗೆ ಓದಿದಾಗ ಉಗ್ಗು ಬಹುತೇಕ ಇಲ್ಲವಾಗುತ್ತದೆ. ಯಾರಾದರೂ ಅಣಕಿಸಿದರೆ ಅಲ್ಲಿಯೇ ತಡೆಯಬೇಕು, ಇಡೀ ತರಗತಿಗೆ ಉಪದೇಶ ಮಾಡಿ ಮಗುವನ್ನು ಎಲ್ಲರ ಕಣ್ಣಿಗೆ ಬೀಳಿಸಬಾರದು. ಹಾಗೆಂದು ಪ್ರಾರ್ಥನೆ, ನಾಟಕ, ವಾರ್ಷಿಕೋತ್ಸವಗಳಿಂದ ಮಗುವನ್ನು ಹೊರಗಿಡುವ ದಯೆಯೂ ಬೇಡ. ಬೇಕೋ ಬೇಡವೋ ಎಂದು ಮಗುವನ್ನೇ ಕೇಳಲಿ.

ಏಳು ವರ್ಷ ದಾಟಿದ ಮೇಲೂ ಉಗ್ಗು ಉಳಿದಿದ್ದರೆ ತಾನಾಗಿ ಹೋಗುವ ಸಾಧ್ಯತೆ ಬಹಳ ಇಳಿಯುತ್ತದೆ, ಚಿಕಿತ್ಸೆಯ ಗುರಿಯೂ ಬದಲಾಗುತ್ತದೆ. ಆಗ ಬಿಗಿತವಿಲ್ಲದೆ ಉಗ್ಗುವುದು, ಉಗ್ಗುತ್ತಲೇ ಹೇಳಬೇಕಾದದ್ದನ್ನು ಹೇಳಿ ಮುಗಿಸುವುದು, ಹೆದರಿ ಶಬ್ದ ಬದಲಿಸದಿರುವುದು ಮುಖ್ಯವಾಗುತ್ತದೆ. ಅದು ಸೋಲಲ್ಲ, ಅದನ್ನು ಹೇಳಿಕೊಡುವ ವಿಧಾನವೇ ಬೇರೆ.

ಚಿಕ್ಕ ಮಕ್ಕಳಲ್ಲಿ ಅಂಕ ಕೆಲವು ವಾರ ಸೊನ್ನೆ ಒಂದರ ನಡುವೆ ನಿಂತ ಮೇಲೆ ತಜ್ಞರು ಭೇಟಿಗಳನ್ನು ದೂರ ದೂರ ಇಡುತ್ತಾರೆ, ಆದರೆ ಸುಮಾರು ಒಂದು ವರ್ಷ ನಿಗಾ ಇಡುತ್ತಾರೆ. ಮನೆ ಬದಲಿಸಿದಾಗ, ದಸರಾ ರಜೆಯಲ್ಲಿ ಹತ್ತು ಮಕ್ಕಳ ನಡುವೆ ಕಳೆದಾಗ, ಹೊಸ ಶಾಲೆಗೆ ಸೇರಿದಾಗ ಉಗ್ಗು ಮರಳಿ ಇಣುಕುವುದುಂಟು. ನೋಟ್‌ಬುಕ್ಕನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅಂದೇ ಹೊರತೆಗೆದು ಅಂಕ ಬರೆಯಲು ಆರಂಭಿಸಿ, ಬಿಟ್ಟುಹೋಗಿದ್ದ ಐದು ನಿಮಿಷವನ್ನು ಮತ್ತೆ ಹಿಡಿಯಿರಿ, ವಾರದೊಳಗೆ ಇಳಿಯದಿದ್ದರೆ ತಜ್ಞರಿಗೆ ಫೋನ್ ಮಾಡಿ. ನಮ್ಮ ಮನೆಯ ನೋಟ್‌ಬುಕ್ ಇನ್ನೂ ಫ್ರಿಜ್ಜಿನ ಮೇಲಿದೆ. ಅದರ ಪಕ್ಕದಲ್ಲಿ ಸೌಟು.